ಹಾಡು ನಮ್ಮದು, ಪಿನ್ನು ಅವರದು

ನಮ್ಮ ಮನೆಯ ಟ್ರಂಕಿನಲ್ಲಿ, ಹೊಲದ ಸಾತಬಾರಾ ಉತಾರದ ಕಾಗದಗಳ ಅಡಿಯಲ್ಲಿ, ಒಂದು ಪ್ಲಾಸ್ಟಿಕ್ ಡಬ್ಬಿ ಐತಿ. ಅದರೊಳಗೆ ನನ್ನ ನಡುಬೆರಳಿನಷ್ಟು ಉದ್ದದ ಒಂದು ತೆಳು ಪಟ್ಟಿ. ಒಂದು ತುದಿಗೆ ಬಂಗಾರ ಬಣ್ಣದ ಸಣ್ಣ ಸಣ್ಣ ಹಲ್ಲು. ಕೈಯಲ್ಲಿ ಹಿಡಿದರೆ ನಾಲ್ಕೈದು ಶೇಂಗಾಕಾಯಿಯ ತೂಕ. ಅದರಾಗ ನಮ್ಮ ಗೀಗೀ ಮೇಳದ ಹಿರಿಯ ಕಾಕಾ ಹಾಡಿದ 43 ಹಾಡು ಅದಾವ. ಕಾಕಾ ಈಗ ಇಲ್ಲ. ಹಾಡು ಅದಾವ, ಆದರ ಕೇಳಲಿಕ್ಕೆ ಬರೂದಿಲ್ಲ. ಪಟ್ಟಿ ಕೆಟ್ಟು ಅಲ್ಲ. ಅದರ ಹಲ್ಲು ಪೇಟೆಯಲ್ಲಿ ಸಿಗುವ ಯಾವ ಯುಎಸ್‌ಬಿ ಡಬ್ಬಿಗೂ ಕೂಡುವುದಿಲ್ಲ, ಅದಕ್ಕ.

ಬರೇ ನನ್ನ ದುಃಖ ಆಗಿದ್ದರೆ ಗುಡಿಯ ಕಟ್ಟೆಯ ಮೇಲೆ ಕೂತು ನಾಲ್ಕು ಮಂದಿಗೆ ಹೇಳಿ ಎದ್ದು ಹೋಗುತ್ತಿದ್ದೆ. ವಾಚನಾಲಯದ ಪುಸ್ತಕಕ್ಕೆ ಬರೆಯುವ ಕಾರಣ ಬೇರೆ. ಯಾರನ್ನು ಕೇಳಿದರೂ ಒಂದೇ ಮಾತು: "ಏನ ಮಾಡೂದ್ರಿ ಕಾಕಾ, ಟೆಕ್ನಾಲಜಿ ಅಂದ್ರ ಹಂಗ." ಹಂಗ ಅಲ್ಲ. ಹಂಗ ಮಾಡ್ಯಾರ. ಮಾಡಿದವರಿಗೆ ಅದರಿಂದ ರೊಕ್ಕ ಐತಿ. ಏಳನೇ ಇಯತ್ತೆ ಕಲಿತ ರೈತ ನಾನು. ನನಗೆ ತಿಳಿದ ಈ ಮಾತು ಕಲಿತವರು ಯಾಕ ಹೇಳುವುದಿಲ್ಲ ಅನ್ನುವುದೇ ನನ್ನ ಜಗಳ.

ನಡೆದದ್ದು ಇಷ್ಟು. ನಮ್ಮೂರ ಕನ್ನಡ ಶಾಲೆಗೆ ಬಂದಿದ್ದ ಒಬ್ಬ ಗುರುಗಳಿಗೆ ಹಾಡಿನ ಹುಚ್ಚು. ಅವರ ಅಳಿಯ ಪುಣೆಯಲ್ಲಿ ಕಂಪನಿಯ ನೌಕರಿಯಲ್ಲಿದ್ದ. ತಾನು ಬಳಸಿ ಬಿಟ್ಟ ಭಾರಿ ಬೆಲೆಯ ಲ್ಯಾಪ್‌ಟಾಪನ್ನು ಮಾವನಿಗೆ ಕೊಟ್ಟಿದ್ದ. ಎರಡು ಬ್ಯಾಸಿಗಿ, ರಾತ್ರಿ ಊಟ ಆದ ಮೇಲೆ, ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಅದನ್ನಿಟ್ಟು ಮೈಕ್ ಹಚ್ಚಿ ಗುರುಗಳು ಕಾಕಾನ ಕೈಲಿ ಹಾಡಿಸಿದರು. ಕಾಕಾ ದಪ್ಪು ಬಾರಿಸುತ್ತ ಹಾಡು ಎತ್ತುವುದು, ನಾನೂ ಇನ್ನೊಬ್ಬನೂ ತುಂತುಣಿ ತಾಳ ಹಿಡಿದು ಹಿಂದಿನಿಂದ ಗೀ ಎಳೆಯುವುದು. ಹರದೇಶಿ, ನಾಗೇಶಿ ಎರಡೂ ಪಕ್ಷದ ಹಾಡು ಬಲ್ಲ ಮನುಷ್ಯ ಆತ. ಸವಾಲು ತಾನೇ ಹಾಡಿ, ನಡುವೆ ಒಂದು ಬೀಡಿ ಸೇದಿ, ಜವಾಬೂ ತಾನೇ ಹಾಡುತ್ತಿದ್ದ.

ಮುಂದೆ ಒಂದು ಮಳೆಗಾಲ. ವರ್ಷವಿಡೀ ಮಳೆಗೆ ಬಾಯಿ ತೆರೆದು ಕೂಡುವ ನಮ್ಮ ಜತ್ತ ತಾಲೂಕಿನಲ್ಲಿ ಒಂದೇ ರಾತ್ರಿ ಹೊಡೆದ ಮಳೆಗೆ ಗುರುಗಳ ಮನೆ ಸೋರಿ ಲ್ಯಾಪ್‌ಟಾಪಿನೊಳಗೆ ನೀರು ಹೋಯಿತು. ಅದು ಸತ್ತಿತು. 2021ರಲ್ಲಿ ಕಾಕಾನೂ ಹೋದ. ಗುರುಗಳಿಗೆ ಬೇರೆ ಕಡೆ ಬದಲಿ ಆಯಿತು. ಹೋಗುವಾಗ ಆ ಸತ್ತ ಲ್ಯಾಪ್‌ಟಾಪ್ ನನ್ನ ಕೈಗೆ ಕೊಟ್ಟು, "ಅಣ್ಣಾವರ, ಹಾಡು ಇದರಾಗ ಅದಾವ್ರಿ. ಎಂದರ ತೆಗಸ್ರಿ" ಅಂದರು.

ಜತ್ತದ ಮೊಬೈಲ್ ಅಂಗಡಿಯ ಹುಡುಗ ಬಿಚ್ಚಿ ಪಟ್ಟಿ ಹೊರಗೆ ತೆಗೆದ. "ಮೆಷಿನ್ ಸತ್ರೂ ಇದು ಸತ್ತಿರೂದಿಲ್ರಿ ಕಾಕಾ. ಆರನೂರು ರೂಪಾಯಿದೊಂದು ಡಬ್ಬಿ ಬರ್ತೈತಿ. ಅದರಾಗ ಇದನ್ನ ಕೂಡ್ಸಿ ಯುಎಸ್‌ಬಿ ವಾಯರ್ ಹಚ್ಚಿದ್ರ ಪೆನ್‌ಡ್ರೈವ್ ಆದಂಗ ಆಗ್ತೈತಿ" ಅಂದ. ನನಗೆ ಖುಷಿ ಆಯಿತು. ಎಂಟು ದಿನಕ್ಕೆ ಡಬ್ಬಿ ಬಂತು. ಪಟ್ಟಿ ಕೂಡಲಿಲ್ಲ. ಅಗಲ ನೋಡಿದರೆ ಸರಿ, ದಪ್ಪ ನೋಡಿದರೆ ಸರಿ. ಹಲ್ಲಿನ ನಡುವಿನ ಸಂದು ಮಾತ್ರ ಒಂದೆರಡು ಜೋಳದ ಕಾಳಿನಷ್ಟು ಸರಿದಿತ್ತು. ಹುಡುಗ ತಿರುವಿ ತಿರುವಿ ನೋಡಿದ. "ಇದು ಕಂಪನಿಯವರ ಸ್ವಂತ ಹಲ್ಲು ರೀ. ಪೇಟೆಯ ಡಬ್ಬಿಗೆ ಕೂಡಬಾರದು ಅಂತನ ಮಾಡಿದಂಗೈತಿ" ಅಂದ.

ಸಾಂಗಲಿಗೆ ಹೋದೆ. ಅಲ್ಲಿ ಒಬ್ಬಾತ 2,400 ರೂಪಾಯಿ ತೆಗೆದುಕೊಂಡು ಹೊರದೇಶದಿಂದ ಒಂದು ಜೋಡಣೆಯ ಸಾಮಾನು ತರಿಸಿದ. ಅದೂ ಕೂಡಲಿಲ್ಲ. ಯಾಕಂದರ ಅದು ಎರಡು ವರ್ಷ ಹಿಂದಿನ ಮಾದರಿಯದಂತೆ. ಅದೇ ಕಂಪನಿ, ಅದೇ ಹೆಸರು, ನೋಡಲಿಕ್ಕೆ ಅದೇ ಲ್ಯಾಪ್‌ಟಾಪ್, ಎರಡು ವರ್ಷಕ್ಕೆ ಹಲ್ಲು ಬೇರೆ! ನಮ್ಮ ಬಡಿಗ್ಯಾ ಎರಡು ವರ್ಷಕ್ಕೊಮ್ಮೆ ಕುಂಟಿಯ ದಿಂಡಿನ ತೂತು ಸರಿಸಿದ್ದರೆ ಊರವರು ಅವನಿಗೆ ಆಯ ಕೊಡುತ್ತಿದ್ದರೇನು? ಕೊನೆಗೆ ಆ ಕಂಪನಿಯ ಸರ್ವಿಸ್ ಅಂಗಡಿಗೂ ಹೋಗಿ ಬಂದೆ. ಟೈ ಕಟ್ಟಿದ ಹುಡುಗ ತಣ್ಣಗೆ ಹೇಳಿದ: "ಹೊಸದು ತಗೋಬಹುದು. ಹಳೇ ಡೇಟಾ ನಮ್ಮ ಜವಾಬ್ದಾರಿ ಅಲ್ಲ."

ಮೊದಲು ನಾನು ತಿಳಿದದ್ದು, ಬಾಯಿ ಸಣ್ಣದು, ಹಲ್ಲು ದೊಡ್ಡದು, ಅಷ್ಟೇ. ಅರ ಹಿಡಿದು ತಿಕ್ಕಿದರೆ ಕೂಡಬಹುದು ಅಂತ. ಡಿಪ್ಲೊಮಾ ಕಲಿಯುವ ನನ್ನ ಮೊಮ್ಮಗಳು ನಕ್ಕಳು. "ಅಜ್ಜಾ, ಯುಎಸ್‌ಬಿ ಅಂದ್ರ ಬರೇ ತೂತು ಅಲ್ಲೋ, ಅದೊಂದು ಭಾಷೆ" ಅಂದಳು. ಅವಳು ಹೇಳಿದ್ದರಲ್ಲಿ ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ. ಗುರುಗಳು ಮಕ್ಕಳಿಗೆ ಇನ್ನೂ ಚೆಂದ ಹೇಳಬಹುದು.

ಹಳೆಯ ಯುಎಸ್‌ಬಿಯಲ್ಲಿ ನಾಲ್ಕು ತಂತಿ. ಎರಡು ಕರೆಂಟಿಗೆ, ಎರಡು ಮಾತಿಗೆ. ಮುಂದೆ ಬಂದ ಯುಎಸ್‌ಬಿ 3ರಲ್ಲಿ ಒಂಬತ್ತು. ಆದರೆ ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನ ಡ್ರೈವ್ ಯುಎಸ್‌ಬಿ ಭಾಷೆ ಆಡುವುದಿಲ್ಲ. ಗರಗರ ತಿರುಗುವ ಹಾರ್ಡ್ ಡಿಸ್ಕಿನ ಭಾಷೆಗೆ ಸಾಟಾ ಅನ್ನುತ್ತಾರೆ. ಅದಕ್ಕೆ 22 ಹಲ್ಲು: ಮಾತಿಗೆ 7, ಕರೆಂಟಿಗೆ 15. ಲ್ಯಾಪ್‌ಟಾಪಿನ ಸಾಟಾ ಸಿಡಿ ಡ್ರೈವಿಗೆ 13 ಹಲ್ಲು, ಅಲ್ಲಿ ಕರೆಂಟಿಗೆ 6 ಮಾತ್ರ. ನನ್ನ ಪಟ್ಟಿಯಂಥವು ಆಡುವುದು ಪಿಸಿಐ ಎಕ್ಸ್‌ಪ್ರೆಸ್ ಅಂಬೋ ಇನ್ನೊಂದು ಭಾಷೆ. ಹೀಗಿದ್ದ ಮೇಲೆ ಹಲ್ಲು ಹ್ಯಾಗೋ ಒತ್ತಿ ಕೂಡಿಸಿದರೂ ಇಬ್ಬರು ಮಾತಾಡುವುದಿಲ್ಲ.

ಇದು ಗಡಿನಾಡಿನ ನಮಗೆ ತಿಳಿಯದ ಮಾತೇನು? ಕನ್ನಡ ಒಂದೇ ಬಲ್ಲ ನಮ್ಮೂರ ಮುದುಕಿ ಜತ್ತದ ತಹಸೀಲ ಕಚೇರಿಗೆ ಹೋದರೆ ಕಾಗದ ಮರಾಠಿಯಲ್ಲಿ ಇರುತ್ತದೆ. ಎರಡೂ ಬಲ್ಲ ಒಬ್ಬ ಹುಡುಗ ನಡುವೆ ನಿಂತು ಇತ್ತಲದ್ದು ಅತ್ತ, ಅತ್ತಲದ್ದು ಇತ್ತ ಹೇಳುತ್ತಾನೆ. ಕೆಲಸ ಆಗುತ್ತದೆ. ಆರನೂರು ರೂಪಾಯಿಯ ಡಬ್ಬಿಯೊಳಗೆ ಕೂತ ಚಿಪ್ಪು ಮಾಡುವುದು ಇದೇ ದುಭಾಷಿಯ ಕೆಲಸ. ಡ್ರೈವಿನ ಮಾತನ್ನು ಯುಎಸ್‌ಬಿ ಮಾತು ಮಾಡಿ ಕಂಪ್ಯೂಟರಿಗೆ ಹೇಳುವುದು.

ಕರೆಂಟಿನದೂ ಒಂದು ಲೆಕ್ಕ ಐತಿ. ಮಾಮೂಲಿ ಯುಎಸ್‌ಬಿ ಕೊಡುವುದು 5 ವೋಲ್ಟ್. ಹಳೆಯದು ಅರ್ಧ ಆಂಪಿಯರ್ ಕೊಡುತ್ತದೆ, ಯುಎಸ್‌ಬಿ 3 ಆದರೆ 0.9. ಮೇಜಿನ ಕಂಪ್ಯೂಟರಿನ ದೊಡ್ಡ ಡಿಸ್ಕ್ 12 ವೋಲ್ಟ್ ಬೇಡುತ್ತದೆ. ನನ್ನ ಪಟ್ಟಿಯಂಥದಕ್ಕೆ 3.3 ಸಾಕು, 5 ಕೊಟ್ಟರೆ ಸುಟ್ಟೀತು. ಸಿಂಗಲ್ ಫೇಜಿನ ಮೇಲೆ ತ್ರೀ ಫೇಜ್ ಮೋಟರ್ ಎಳೆಸಲು ಹೋಗಿ ಕಾಯಿಲ್ ಸುಟ್ಟುಕೊಂಡವರು ನಮ್ಮಲ್ಲಿ ಮನೆಗೊಬ್ಬರು ಅದಾರ. ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಹುಡುಗರಿಗೆ ಹೇಳುತ್ತೇನೆ, ವಾಯರ್ ಸುಲಿದು ಕಟ್ಟಿ ನೋಡಬ್ಯಾಡ್ರಿ. ನೋಡಲು ಯುಎಸ್‌ಬಿಯಂತೆಯೇ ಇದ್ದು ಒಳಗೆ ಬೇರೆ ವೋಲ್ಟ್ ಹರಿಯುವ ಪಿನ್ನುಗಳೂ ಇರುತ್ತಾವೆ.

ಇಲ್ಲಿತನಕ ಯಾರದೂ ತಪ್ಪಿಲ್ಲ. ಭಾಷೆ ಬೇರೆ ಇರುವುದು ತಪ್ಪಲ್ಲ. ಕನ್ನಡ ಬೇರೆ, ಮರಾಠಿ ಬೇರೆ. ಅದಕ್ಕೆ ಯಾರ ಮೇಲೆ ಸಿಟ್ಟು ಮಾಡೋಣ? ನನ್ನ ಸಿಟ್ಟು ಮುಂದಿನ ಮಾತಿಗೆ. ನನ್ನ ಪಟ್ಟಿ ಆಡುವ ಭಾಷೆ ಕಂಪನಿಯ ಸ್ವಂತ ಭಾಷೆ ಅಲ್ಲ, ಎಲ್ಲರೂ ಆಡುವ ಭಾಷೆಯೇ. ದುಭಾಷಿ ಪೇಟೆಯಲ್ಲಿ ಕೂತಾನ, ಆರನೂರು ರೂಪಾಯಿಗೆ ಬರಲಿಕ್ಕೆ ತಯಾರಾಗ್ಯಾನ. ಅವ ಒಳಗೆ ಬರಬಾರದು ಅಂತ ಬಾಗಿಲಿನ ಚೌಕಟ್ಟು ಎರಡು ಕಾಳಿನಷ್ಟು ಸರಿಸಿ ಇಟ್ಟಾರ. ಮೇಲೆ ಆ ಚೌಕಟ್ಟಿನ ಅಳತೆಯನ್ನು ಹೊರಗಿನವರಿಗೆ ಕೊಡುವುದಿಲ್ಲ. ಅದಕ್ಕೆ ಕೂಡುವ ಜೋಡಣೆಯನ್ನು ತಾವೂ ಮಾರುವುದಿಲ್ಲ. ಮುದುಕಿಯನ್ನು ಕಚೇರಿಯ ಒಳಗೆ ಕೂಡಿಸಿ, ದುಭಾಷಿಯನ್ನು ಹೊರಗೆ ನಿಲ್ಲಿಸಿ, "ನಿನ್ನ ಮಾತು ನಮಗೆ ತಿಳಿಯುವುದಿಲ್ಲ, ಹೋಗು" ಅಂದಂತೆ ಇದು.

ಹೊಂದದ ಹಳಿಯ ಕಷ್ಟ ನಮ್ಮ ಜಿಲ್ಲೆಗೆ ಹೊಸದಲ್ಲ. ನನ್ನ ವಯಸ್ಸಿನವರಿಗೆ ಮಿರಜ ಸ್ಟೇಷನ್ ನೆನಪಿರಬೇಕು. ಅಲ್ಲಿ ಒಂದು ಕಾಲಕ್ಕೆ ಮೂರು ನಮೂನೆಯ ಹಳಿ ಇದ್ದವು. ಪುಣೆ ಕಡೆಗೆ 5 ಫೂಟು 6 ಇಂಚಿನ ದೊಡ್ಡ ಹಳಿ, ಬೆಳಗಾವಿ ಕಡೆಗೆ ಮೀಟರ್ ಹಳಿ, ಪಂಢರಪುರ ಕಡೆಗೆ ಬರೇ 2 ಫೂಟು 6 ಇಂಚಿನ ಸಣ್ಣ ಹಳಿ. ಆ ಸಣ್ಣ ಹಳಿ ಹಾಕಿದ್ದು ಬಾರ್ಸಿ ಲೈಟ್ ರೈಲ್ವೆ ಅನ್ನುವ ಖಾಸಗಿ ಕಂಪನಿ. 1927ರಲ್ಲಿ ಅದು ಮಿರಜದ ತನಕ ಬಂತು, 1954ರಲ್ಲಿ ಸರಕಾರ ಕೊಂಡುಕೊಂಡಿತು. ಅದರ ಮೇಲೇ ಜತ್ ರೋಡ್ ಸ್ಟೇಷನ್ ಇರುವುದು. (ಹೆಸರಿಗೆ ಜತ್ ರೋಡ್, ಇಳಿದ ಮೇಲೆ ಜತ್ತ ಎಷ್ಟು ದೂರ ಅಂತ ಇಳಿದವರಿಗೇ ಗೊತ್ತು.) ಅಪ್ಪನ ಕೈ ಹಿಡಿದು ಪಂಢರಪುರಕ್ಕೆ ಹೋಗುವಾಗ ಮಿರಜದಲ್ಲಿ ನಾನು ನೋಡಿದ್ದೇನೆ: ಒಂದು ಡಬ್ಬಿಯಿಂದ ಚೀಲ ಇಳಿಸಿ, ಬೆನ್ನ ಮೇಲೆ ಹೊತ್ತು, ಇನ್ನೊಂದು ಹಳಿಯ ಡಬ್ಬಿಗೆ ಹಾಕುವ ಹಮಾಲರ ಸಾಲು. ಹಳಿ ಹೊಂದದಿದ್ದರೆ ಅದರ ಭಾರ ಕೊನೆಗೆ ಯಾರದೋ ಬೆನ್ನ ಮೇಲೆ ಬೀಳುತ್ತದೆ. ಈಗ ಆ ಮೂರೂ ದಾರಿ ಒಂದೇ ದೊಡ್ಡ ಹಳಿ ಆಗ್ಯಾವ.

ಸಣ್ಣ ಹಳಿ ಹಾಕಿದವರನ್ನು ನಾನು ಬೈಯುವುದಿಲ್ಲ. ಖರ್ಚು ಕಡಿಮೆ ಬರಲಿ ಅಂತ ಹಾಕಿದರು, ಅಳತೆ ಬಚ್ಚಿಡಲಿಲ್ಲ, ಮಿರಜದಲ್ಲಿ ಹಮಾಲರನ್ನು ತಡೆಯಲಿಲ್ಲ. ಲ್ಯಾಪ್‌ಟಾಪ್ ಕಂಪನಿ ನನಗೆ ಹಮಾಲನನ್ನೂ ಬಿಟ್ಟಿಲ್ಲ.

ಕಂಪನಿಯ ಪರ ಮಾತಾಡುವವರ ಜವಾಬು ನನಗೆ ಗೊತ್ತು. ಲ್ಯಾಪ್‌ಟಾಪ್ ತೆಳ್ಳಗಿರಬೇಕು, ಬಲು ಜೋರು ಓಡಬೇಕು, ಆ ಕಾಲಕ್ಕೆ ಪೇಟೆಯ ಹಲ್ಲು ಅಷ್ಟು ತಯಾರಾಗಿರಲಿಲ್ಲ, ಅದಕ್ಕೆ ಸ್ವಂತದ್ದು ಮಾಡಿದೆವು ಅನ್ನುತ್ತಾರೆ. ಇರಬಹುದು. ಮೊದಲ ವರ್ಷಕ್ಕೆ ಒಪ್ಪುತ್ತೇನೆ. ಎಲ್ಲರಿಗೂ ಹೊಂದುವ ಹಲ್ಲು ಪೇಟೆಗೆ ಬಂದ ಮೇಲೂ ಯಾಕೆ ಬಿಡಲಿಲ್ಲ? ಬಿಡಲಿಕ್ಕೆ ಆಗದಿದ್ದರೆ ಅಳತೆಯ ಒಂದು ಹಾಳೆ ಬರೆದು ಹೊರಗೆ ಹಾಕಲಿಕ್ಕೆ ಏನು ಖರ್ಚು ಬರುತ್ತಿತ್ತು? ತೆಳ್ಳಗೆ ಇರಲಿಕ್ಕೂ ಗುಟ್ಟು ಇಡಲಿಕ್ಕೂ ಏನು ಸಂಬಂಧ? ಈ ಸವಾಲಿಗೆ ಜವಾಬಿನ ಹಾಡು ನಾನಿನ್ನೂ ಕೇಳಿಲ್ಲ.

ಹೊಂದಿಸಲು ಮನಸ್ಸಿದ್ದವರು ಹೊಂದಿಸಿದ್ದಾರೆ. ನಮ್ಮ ಟ್ರ್ಯಾಕ್ಟರನ್ನೇ ನೋಡಿರಿ. ಟ್ರ್ಯಾಕ್ಟರ್ ಒಬ್ಬರದು, ಪಲ್ಟಿ ನೇಗಿಲು ಇನ್ನೊಬ್ಬರದು, ರೋಟಾವೇಟರ್ ಮತ್ತೊಬ್ಬರದು. ಹಿಂದಿನ ಮೂರು ಕಡೆಯ ಜೋಡಣೆಯ ಅಳತೆ ಗೊತ್ತು ಮಾಡಿದ್ದು, ಪಿ.ಟಿ.ಓ. ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗಬೇಕು ಅನ್ನುವುದೂ ಗೊತ್ತು ಮಾಡಿದ್ದು. ಪಿನ್ನು ಚುಚ್ಚಿ ಹೊಲಕ್ಕೆ ಹೋಗುತ್ತೇವೆ. ಕ್ಯಾಸೆಟ್ ಹಾಗೇ. 1963ರಲ್ಲಿ ಫಿಲಿಪ್ಸ್ ಕಂಪನಿ ಅದನ್ನು ಹೊರಗೆ ತಂದಿತು, ಆಮೇಲೆ ಬೇರೆ ಕಂಪನಿಗಳಿಗೂ ಪುಕ್ಕಟೆಯಾಗಿ ಮಾಡಲು ಬಿಟ್ಟಿತು. ಅದಕ್ಕೇ ವಿಜಾಪುರದಲ್ಲಿ ಕೊಂಡ ಕ್ಯಾಸೆಟ್ ನಮ್ಮೂರ ಚಹಾದಂಗಡಿಯ ಯಾವುದೋ ಕಂಪನಿಯ ಟೇಪಿನಲ್ಲಿ ಹಾಡುತ್ತಿತ್ತು. ಗೀಗೀ ಮೇಳಗಳ ಹೆಸರು ನಾಲ್ಕು ಜಿಲ್ಲೆಗೆ ಹಬ್ಬಿದ್ದು ಈ ಕ್ಯಾಸೆಟ್ಟಿನಿಂದ. ಆಗ ಕಂಪನಿಗೊಂದು ಅಳತೆಯ ಕ್ಯಾಸೆಟ್ ಇದ್ದಿದ್ದರೆ ನಮ್ಮ ದನಿ ನಮ್ಮ ಓಣಿ ದಾಟುತ್ತಿರಲಿಲ್ಲ.

ಯುಎಸ್‌ಬಿಯೂ ಹೀಗೆಯೇ ಹುಟ್ಟಿದ್ದು. ಮೊದಲು ಪ್ರಿಂಟರಿಗೊಂದು ಪಿನ್ನು, ಮೌಸಿಗೊಂದು, ಕೀಲಿಮಣೆಗೊಂದು ಇತ್ತಂತೆ. ಇಂಟೆಲ್, ಐಬಿಎಂ, ಮೈಕ್ರೋಸಾಫ್ಟ್ ಸೇರಿ ಏಳು ಕಂಪನಿಗಳು ಒಟ್ಟಿಗೆ ಕೂತು 1996ರಲ್ಲಿ ಮೊದಲ ಯುಎಸ್‌ಬಿ ನಿಯಮ ಹೊರತಂದವು. ಅದರ ಹಿಂದೆ ದುಡಿದವರಲ್ಲಿ ಮುಖ್ಯರು ಇಂಟೆಲ್‌ನ ಅಜಯ್ ಭಟ್ ಅನ್ನುವವರು, ಬಡೋದೆಯ ವಿಶ್ವವಿದ್ಯಾಲಯದಲ್ಲಿ ಕಲಿತವರು. ನಮ್ಮ ದೇಶದಲ್ಲಿ ಕಲಿತು ಹೋದ ಒಬ್ಬ ಮನುಷ್ಯ ಜಗತ್ತಿನ ಪಿನ್ನುಗಳನ್ನು ಒಂದು ಮಾಡಲು ದುಡಿದ. ಅದೇ ಯುಎಸ್‌ಬಿ ತೂತನ್ನು ಹೊರಗೆ ತೋರಣದಂತೆ ಇಟ್ಟುಕೊಂಡು, ಒಳಗಿನ ಡ್ರೈವಿಗೆ ಸ್ವಂತ ಹಲ್ಲು ಕೂಡಿಸುವವರಿಗೆ ಏನನ್ನಬೇಕು?

ಕಾನೂನು ಬಿಗಿಯಾದರೆ ಕಂಪನಿಗಳು ಬಗ್ಗುತ್ತಾವೆ. ಆಪಲ್ ಕಂಪನಿ 2012ರಿಂದ ಐಫೋನಿಗೆ ತನ್ನದೇ ಚಾರ್ಜಿಂಗ್ ಪಿನ್ನು ಇಟ್ಟಿತ್ತು. ಎಲ್ಲ ಫೋನಿಗೂ ಟೈಪ್-ಸಿ ಪಿನ್ನೇ ಇರಬೇಕು ಅಂತ ಯುರೋಪಿನ ಒಕ್ಕೂಟ 2022ರಲ್ಲಿ ಕಾನೂನು ಮಾಡಿತು. 2023ರ ಐಫೋನ್ 15ರಲ್ಲಿ ಟೈಪ್-ಸಿ ಬಂತು. ಲ್ಯಾಪ್‌ಟಾಪಿನ ಚಾರ್ಜಿಂಗಿಗೂ ಅದೇ ಕಾನೂನು 2026ರ ಏಪ್ರಿಲ್ 28ರಿಂದ. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ ರೈತನಿಗೆ ತನ್ನ ಟ್ರ್ಯಾಕ್ಟರ್ ತಾನೇ ರಿಪೇರಿ ಮಾಡಿಕೊಳ್ಳುವ ಹಕ್ಕಿನ ಕಾನೂನು ತಂದಿತು. ನಮ್ಮ ಕೇಂದ್ರ ಸರಕಾರ 2022ರ ಡಿಸೆಂಬರ್ 24ಕ್ಕೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಬೇಸಾಯದ ಯಂತ್ರ, ಮೊಬೈಲ್, ಗಾಡಿ ಎಲ್ಲ ಅದರಲ್ಲಿ ಬರುತ್ತಾವೆ. ಒಳ್ಳೆಯದೇ. ಆದರೆ ಪೋರ್ಟಲ್ ಅಂದರೆ ಮಾಹಿತಿಯ ಹಲಗೆ, ಕಾನೂನಿನ ಬಡಿಗೆ ಅಲ್ಲ. ಮತ್ತು ಯುರೋಪಿನ ಈ ಕಾನೂನು ಇರುವುದು ಹೊರಗಿನ ಚಾರ್ಜಿಂಗ್ ಪಿನ್ನಿಗೆ. ನಮ್ಮ ಹಾಡು, ನಮ್ಮ ಫೋಟೊ, ನಮ್ಮ ಕಾಗದ ಪತ್ರ ಕೂತಿರುವ ಒಳಗಿನ ಹಲ್ಲಿಗಲ್ಲ. ಚಾರ್ಜರ್ ಕೆಟ್ಟರೆ ಬೇರೆ ತರಬಹುದು. ಒಳಗಿನದು ಹೋದರೆ ಎಲ್ಲಿಂದ ತರೋಣ?

ಈ ಲೇಖನದ ಕಚ್ಚಾ ಪ್ರತಿ ಓದಿದ ಒಬ್ಬ ಗುರುಗಳು ನನಗೇ ಬೈದರು. "ಅದನ್ನೆಲ್ಲ ಬಿಡ್ರಿ, ಎರಡು ಪ್ರತಿ ತೆಗೆದಿಡಬೇಕಿತ್ತು. 43 ಹಾಡು ಒಂದೇ ಮೆಷಿನ್‌ನಾಗ ಇಟ್ಟದ್ದು ನಿಮ್ಮ ತಪ್ಪಲ್ಲೇನ್ರಿ?" ತಪ್ಪೇ. ಬೀಜದ ಜೋಳವನ್ನು ಒಂದೇ ಹಗೇವಿನಲ್ಲಿ ಇಡಬಾರದು ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು, ನಾವು ಮರೆತೆವು. ಈ ಮಾತು ನನ್ನನ್ನು ರಾತ್ರಿ ನಿದ್ದೆಗೆ ಬಿಡುವುದಿಲ್ಲ. ಆದರೆ ಗುರುಗಳೇ, ನಾನು ಹಗೇವಿನ ಬಾಯಿ ತೆಗೆಯುವುದು ಮರೆತಿದ್ದು ನನ್ನ ತಪ್ಪು. ನನ್ನ ಹಗೇವಿಗೆ ಇನ್ನೊಬ್ಬ ಬೀಗ ಹಾಕಿ ಕೀಲಿ ಒಯ್ದದ್ದು ಅವನ ತಪ್ಪು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಬಾರದು.

ನಮ್ಮ ಗಡಿಯ ಆಚೆಗಿನ ಹಲಸಂಗಿಯ ಗೆಳೆಯರು, ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಜೊತೆಗಾರರು, ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುವ ಹಾಡುಗಳನ್ನು ಕೇಳಿ ಕೇಳಿ ಬರೆದುಕೊಂಡರು. 'ಗರತಿಯ ಹಾಡು' 1931ರಲ್ಲಿ ಪುಸ್ತಕವಾಗಿ ಬಂತು. ತೊಂಬತ್ತು ವರ್ಷ ದಾಟಿತು. ಇವತ್ತು ನಮ್ಮ ವಾಚನಾಲಯದಲ್ಲಿ ನಾಲ್ಕನೇ ಇಯತ್ತೆಯ ಹುಡುಗಿ ಅದನ್ನು ತೆರೆದು ಓದುತ್ತಾಳೆ. ಕಾಗದಕ್ಕೆ ಪಿನ್ನು ಬೇಕಿಲ್ಲ, ಕನ್ನಡ ಬಂದರೆ ಸಾಕು. ದನಿ ಮಾತ್ರ ಕಾಗದದ ಮೇಲೆ ಬರುವುದಿಲ್ಲ. ಕಾಕಾ ಸಾಲಿನ ಕೊನೆಗೆ ದನಿ ಸೀಳಿ ಮೇಲೆ ಒಯ್ದು, ದಪ್ಪಿನ ಒಂದು ಪೆಟ್ಟು ಬಿಟ್ಟು, ಎಲ್ಲರೂ ಉಸಿರು ಹಿಡಿದಾಗ ತಟ್ಟನೆ ಇಳಿಸುತ್ತಿದ್ದ. ಅದನ್ನು ಯಾವ ಅಕ್ಷರದಿಂದ ಬರೆಯಲಿ? ಅದಕ್ಕೇ ಯಂತ್ರ ಬೇಕಾಗಿತ್ತು. ಯಂತ್ರ ಬೇಡ ಅನ್ನುವವ ನಾನಲ್ಲ.

ಶಾಲೆಗೆ, ಪಂಚಾಯತಿಗೆ, ಮಕ್ಕಳ ಕಾಲೇಜಿಗೆ ಲ್ಯಾಪ್‌ಟಾಪ್ ತರಲು ಹೋಗುವವರು ಇದ್ದೀರಿ. ಸ್ಕ್ರೀನ್ ಎಷ್ಟು ಇಂಚು, ಬಣ್ಣ ಯಾವುದು ಅಂತ ಕೇಳುತ್ತೀರಿ. ಅದರ ಜೋಡಿ ಇದನ್ನೂ ಕೇಳಿರಿ: "ಮೆಷಿನ್ ಸತ್ರ ಒಳಗಿನ ಡ್ರೈವ್ ಹೊರಗ ಬರ್ತೈತೇನು? ಬಂದದ್ದು ಪೇಟೆಯ ಡಬ್ಬಿಗೆ ಕೂಡ್ತೈತೇನು?" ಈಗ ಕೆಲವು ಲ್ಯಾಪ್‌ಟಾಪಿನಲ್ಲಿ ಡ್ರೈವನ್ನು ಬೋರ್ಡಿಗೇ ಬೆಸೆದು ಬಿಟ್ಟಿರುತ್ತಾರೆ; ಹಲ್ಲೂ ಇಲ್ಲ, ಸಂದೂ ಇಲ್ಲ, ಬಿಚ್ಚುವ ಮಾತೇ ಇಲ್ಲ. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಕಂಪನಿಗೆ ಫೋನ್ ಮಾಡಿ ಕೇಳಿ ಹೇಳಲಿ. ಹತ್ತು ಮಂದಿ ಕೇಳಿ ಎದ್ದು ಹೋದರೆ ಹನ್ನೊಂದನೆಯವನಿಗೆ ಅವನೇ ತಿಳಿದು ಹೇಳುತ್ತಾನೆ.

ನಾನೂ ನಮ್ಮ ಹಿಮ್ಮೇಳದವನೂ ಕೂತು ನೆನಪು ಮಾಡಿ ಹಾಡುತ್ತಿದ್ದೇವೆ, ಶಾಲೆಯ ಹುಡುಗಿಯರು ಬರೆದುಕೊಳ್ಳುತ್ತಾರೆ. 43ರಲ್ಲಿ 29 ಬರೆದಾಯಿತು. ಒಂದು ನಾಗೇಶಿ ಸವಾಲು ಪೂರ್ತಿ ಸಿಕ್ಕಿದೆ. ಅದರ ಜವಾಬಿನ ಎರಡನೆಯ ಚೌಕ ಇಬ್ಬರಿಗೂ ನೆನಪಾಗುತ್ತಿಲ್ಲ. ಅದು ಆ ಡಬ್ಬಿಯ ಪಟ್ಟಿಯಲ್ಲಿ ಐತಿ. ಲ್ಯಾಪ್‌ಟಾಪಿನ ಮಾದರಿ ನಂಬರನ್ನು ವಾಚನಾಲಯದ ಹಲಗೆಯ ಮೇಲೆ ಬರೆಸಿದ್ದೇನೆ. ಅದೇ ನಂಬರಿನ ಮೆಷಿನ್, ಒಡೆದದ್ದಾಗಲಿ, ಸ್ಕ್ರೀನ್ ಹೋದದ್ದಾಗಲಿ, ಪುಣೆ ಮುಂಬಯಿಯಲ್ಲಿರುವ ನಿಮ್ಮ ಮಕ್ಕಳ ಮನೆಯಲ್ಲಿ ಬಿದ್ದಿದ್ದರೆ ಬರುವ ಜಾತ್ರೆಗೆ ಹೊತ್ತು ತರಲು ಹೇಳಿರಿ. ಹಾಡು ತೆಗೆದುಕೊಂಡು ಮೆಷಿನ್ ಅದೇ ದಿನ ತಿರುಗಿ ಕೊಡುತ್ತೇನೆ.